ನಾಯಿಗೆ ಆಪರೇಶನ್ನೇ? ರಾತ್ರಿಯೇ ರೊಟ್ಟಿ ನಿಲ್ಲಿಸಿ

ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಗಾರ ಬಾಂಧವರೇ, ತೋಳದಿಂದ ಹಟ್ಟಿ ಕಾಯುವ ನಾಯಿಗೆ ಶಸ್ತ್ರಚಿಕಿತ್ಸೆ ಮಾಡುವ ಮುನ್ನ ಪಶುವೈದ್ಯರು ಅರಿವಳಿಕೆಗಾಗಿ ಸಾಮಾನ್ಯವಾಗಿ ಝೈಲಜಿನ್, ಕೆಟಮಿನ್ ಎರಡನ್ನೂ ಕೊಡುತ್ತಾರೆ. ಕೆಟಮಿನ್ ಒಂದನ್ನೇ ಕೊಟ್ಟರೆ ನಾಯಿ ಸೆಟೆದುಕೊಳ್ಳುತ್ತದೆ, ಕೆಲವಕ್ಕೆ ಫಿಟ್ಸ್ ಕೂಡ ಬರುತ್ತದೆ. ಝೈಲಜಿನ್ ಸ್ನಾಯು ಸಡಿಲಿಸುತ್ತದೆ. ಆದರೆ ಎದೆಬಡಿತ ತಗ್ಗಿಸುತ್ತದೆ, ವಾಂತಿಯನ್ನೂ ತರಿಸುತ್ತದೆ. ಹೊಟ್ಟೆಯಲ್ಲಿ ರೊಟ್ಟಿ, ನುಚ್ಚು ಇದ್ದರೆ ವಾಂತಿ ಶ್ವಾಸನಾಳಕ್ಕಿಳಿದು ನಾಯಿ ಸತ್ತೀತು. ಪಾಪ, ಹಸಿದೀತೆಂದು ಬೆಳಿಗ್ಗೆ ತುತ್ತು ಹಾಕುವ ಕರುಣೆ ಬೇಡ. 8ರಿಂದ 12 ಗಂಟೆ ಏನನ್ನೂ ತಿನ್ನಿಸಬೇಡಿ. ಎಳೆಮರಿಯಾದರೆ ವೈದ್ಯರನ್ನು ಕೇಳಿ. ಮದ್ದಿನ ಪ್ರಮಾಣ ತೂಕದ ಮೇಲೆ, ಅಂದಾಜಿನ ಮೇಲಲ್ಲ. ಮುಧೋಳ ತಳಿಯಾದರೆ ಮೊದಲೇ ತಿಳಿಸಿ: ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ಬೇಟೆನಾಯಿಗೆ ಥಯೋಪೆಂಟೋನ್ ಕೊಟ್ಟರೆ ಎಚ್ಚರವಾಗುವುದು ಬಹಳ ತಡ. ಆಪರೇಶನ್ ಮುಗಿದ ಮೇಲೆ ನೆರಳಲ್ಲಿ ಮಲಗಿಸಿ. ತಾನಾಗಿ ಎದ್ದು ನಿಲ್ಲುವವರೆಗೆ ಬಾಯಿಗೆ ನೀರು ಹಾಕಬೇಡಿ.