ರೆಕ್ಕೆ ಹಿಗ್ಗಲಿ, ತೂಕ ಹಿಗ್ಗದಿರಲಿ

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಯನ್ನು ಸೇರಿ, ಅಲ್ಲಿಂದ ಬಂಡೀಪುರದ ಕಡೆಗೆ ಹೊರಟ ಪ್ರಯಾಣಿಕನಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸಾಲು ಕಾಣಿಸುತ್ತದೆ. ಮಳೆಗಾಲದಲ್ಲಿ ಮಂಜು ಹೊದ್ದು ಮಲಗುವ ಆ ಬೆಟ್ಟವು ಬೇಸಿಗೆ ಕಾಲಿಡುವಷ್ಟರಲ್ಲಿ ಒಣಹುಲ್ಲಿನ ರಾಶಿಯಾಗಿರುತ್ತದೆ. 2019ರ ಫೆಬ್ರವರಿಯಲ್ಲಿ ಇದರ ಆಸುಪಾಸಿನಲ್ಲಿ ಬೆಂಕಿ ಹಬ್ಬಿ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳೇ ಬಂದು ನೀರು ಸುರಿಯಬೇಕಾಯಿತು.

ಕಾಳ್ಗಿಚ್ಚು ಇನ್ನೂ ಕಿಡಿಯಾಗಿರುವಾಗಲೇ ಕಣ್ಣಿಗೆ ಬಿದ್ದರೆ ಅದನ್ನು ನಾಲ್ಕು ಜನ ನಂದಿಸಬಲ್ಲರು. ಅದಕ್ಕೆ ಆಕಾಶದಲ್ಲಿ ಒಂದು ಕಣ್ಣು ಬೇಕು. ಆ ಕಣ್ಣಿಗೆ ಅವಸರ ಸಲ್ಲದು. ಹವ್ಯಾಸಿಗಳು ರೇಡಿಯೊ ಮೂಲಕ ನಡೆಸುವ ಪುಟ್ಟ ವಿಮಾನಕ್ಕೆ ಕ್ಯಾಮೆರಾ ಕಟ್ಟಬಹುದು, ನಿಜ. ಆದರೆ ಅದು ಹೊಗೆಯನ್ನೂ ಧೂಳನ್ನೂ ಬೇರ್ಪಡಿಸಿ ನೋಡುವಷ್ಟರಲ್ಲಿ ಮುಂದೆ ಸಾಗಿರುತ್ತದೆ. ನಿಧಾನವಾಗಿ ಹಾರುವ ವಿಮಾನವನ್ನು ಕಟ್ಟುವುದು ಹೇಗೆ? ‘ದೊಡ್ಡದು ಮಾಡಿದರಾಯಿತು’ ಎಂಬ ಉತ್ತರ ಥಟ್ಟನೆ ಹೊಳೆಯುತ್ತದೆ. ತೊಡಕಿರುವುದೂ ಅಲ್ಲಿಯೇ.

ಗುಂಡ್ಲುಪೇಟೆಯ ತರುಣನೊಬ್ಬನ ಬಳಿ ಅರ್ಧ ಕಿಲೋ ತೂಕದ, ಗಂಟೆಗೆ 36 ಕಿಲೋಮೀಟರ್ ವೇಗದ ಮಾದರಿ ವಿಮಾನವಿದೆಯೆಂದು ಭಾವಿಸೋಣ. ಅದರ ಉದ್ದ, ಅಗಲ, ದಪ್ಪ ಎಲ್ಲವನ್ನೂ ಅವನು ಎರಡು ಪಟ್ಟು ಮಾಡಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ತೂಕವಾದರೋ ಎಂಟು ಪಟ್ಟಾಗಿ ನಾಲ್ಕು ಕಿಲೋ ಮುಟ್ಟುತ್ತದೆ. ರೆಕ್ಕೆಯ ಪ್ರತಿಯೊಂದು ಅಂಗುಲವೂ ಮೊದಲಿಗಿಂತ ಇಮ್ಮಡಿ ಭಾರವನ್ನು ಹೊರಬೇಕು. ಹೊರಬೇಕಾದರೆ ವಿಮಾನವು 51 ಕಿಲೋಮೀಟರ್ ವೇಗದಲ್ಲಿ ಓಡಬೇಕು! ನಿಧಾನವನ್ನು ಬಯಸಿದವನ ಕೈಗೆ ವೇಗವೇ ಬಂದಂತಾಯಿತು. ಅದೇ ದೊಡ್ಡ ವಿಮಾನದ ಒಟ್ಟು ತೂಕವನ್ನು ಒಂದೇ ಕಿಲೋಗೆ ಹಿಡಿದಿಟ್ಟರೆ 25 ಕಿಲೋಮೀಟರ್ ವೇಗವೇ ಸಾಕು. ರೇಡಿಯೊ ಉಪಕರಣವನ್ನು ಇಮ್ಮಡಿಸಬೇಕಾಗಿಲ್ಲ. ಒಡಲನ್ನು ಟೊಳ್ಳು ಮಾಡಿ, ರೆಕ್ಕೆಗೆ ತೆಳುವಾದ ಹೊದಿಕೆ ಹಾಕಿದರೆ ಭಾರ ಇಳಿಯುತ್ತದೆ.

ಈ ಲೆಕ್ಕವನ್ನು ನಂಬಿ ಜಯಿಸಿದವನು ಅಮೆರಿಕದ ಪಾಲ್ ಮೆಕ್ರೆಡಿ. ಬಾಲ್ಯದಲ್ಲಿ ಮಾದರಿ ವಿಮಾನಗಳನ್ನು ಕಟ್ಟಿ ಬೆಳೆದ ಆತನನ್ನು ಮುಂದೆ ದೊಡ್ಡ ಸಾಲವೊಂದು ಕಾಡುತ್ತಿತ್ತು. ಮನುಷ್ಯನ ಬಲವೊಂದರಿಂದಲೇ ಹಾರುವ ವಿಮಾನಕ್ಕೆ 50,000 ಪೌಂಡುಗಳ ಬಹುಮಾನ ಕಾದಿತ್ತು. ಗ್ಲೈಡರನ್ನು ಮೂರು ಪಟ್ಟು ಹಿಗ್ಗಿಸಿಯೂ ತೂಕವನ್ನು ಏರಗೊಡದಿದ್ದರೆ ವೇಗವೂ ಬೇಕಾದ ಶಕ್ತಿಯೂ ಮೂರನೆಯ ಒಂದು ಪಾಲಿಗೆ ಇಳಿಯುವುದೆಂದು ಆತ ಕಂಡುಕೊಂಡ. ಹೀಗೆ ಹುಟ್ಟಿದ ‘ಗಾಸಮರ್ ಕಾಂಡರ್’ನ ರೆಕ್ಕೆ ಸುಮಾರು 29 ಮೀಟರ್, ತೂಕ 32 ಕಿಲೋ ಮಾತ್ರ! 1977ರ ಆಗಸ್ಟ್ 23ರಂದು ಬ್ರಯನ್ ಅಲನ್ ಎಂಬ ಸೈಕಲ್ ಸವಾರ ಪೆಡಲು ತುಳಿದು ಅದನ್ನು ಹಾರಿಸಿದ. ಬಹುಮಾನ ಮೆಕ್ರೆಡಿಯ ಪಾಲಾಯಿತು.

ಅದೇ ಸೂತ್ರ ಈಗ ಕನ್ನಡನಾಡಿನಲ್ಲಿಯೂ ಪರೀಕ್ಷೆಗೆ ನಿಂತಿದೆ. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯವು 2024ರ ಆರಂಭದಲ್ಲಿ ಚಳ್ಳಕೆರೆಯ ಬಯಲಿನಲ್ಲಿ ಸೂರ್ಯಶಕ್ತಿಯ ಮಾನವರಹಿತ ವಿಮಾನವೊಂದನ್ನು ಹಾರಿಸಿತು. ಸುಮಾರು 11 ಮೀಟರ್ ರೆಕ್ಕೆಯ, 23 ಕಿಲೋ ತೂಕದ ಆ ಮಾದರಿ ಎಂಟೂವರೆ ಗಂಟೆಗಳ ಕಾಲ ಆಕಾಶದಲ್ಲಿತ್ತು. ಪೂರ್ಣಾಕಾರದ ವಿಮಾನಕ್ಕೆ 30 ಮೀಟರ್ ರೆಕ್ಕೆಯನ್ನು ಯೋಜಿಸಲಾಗಿದೆ. ಮಾದರಿಯನ್ನು ಇದ್ದಂತೆಯೇ ಹಿಗ್ಗಿಸಿದರೆ ತೂಕ 460 ಕಿಲೋ ದಾಟೀತು. ಆ ಭಾರವನ್ನು ಬಿಸಿಲೊಂದೇ ಹೊರಲಾರದು. ಒಂದೊಂದು ಗ್ರಾಮನ್ನೂ ಕಳೆಯುವುದರಲ್ಲಿಯೇ ವಿಜ್ಞಾನಿಗಳ ಪರಿಶ್ರಮವಿದೆ.

ನಿಧಾನಕ್ಕೆ ತೆರಬೇಕಾದ ಬೆಲೆಯೂ ಉಂಟು. 25 ಕಿಲೋಮೀಟರ್ ವೇಗದ ವಿಮಾನಕ್ಕೆ ಅಷ್ಟೇ ವೇಗದ ಎದುರುಗಾಳಿ ಬೀಸಿದರೆ ಅದು ನಿಂತಲ್ಲಿಯೇ ನಿಲ್ಲುತ್ತದೆ. ಬೆಟ್ಟದ ಗಾಳಿ ಏಳುವ ಮೊದಲು, ಮುಂಜಾನೆಯೇ ಅದರ ಕೆಲಸ ಮುಗಿಯಬೇಕು. ಹುಲಿಗಳ ಕಾಡಿನ ಮೇಲೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಏನನ್ನೂ ಹಾರಿಸುವಂತೆಯೂ ಇಲ್ಲ. ಆದರೆ ಅಪ್ಪಣೆ ದೊರೆತು, ಗಾಳಿ ತಣ್ಣಗಿರುವ ಒಂದು ಬೆಳಗಿನಲ್ಲಿ ಹೊಗೆಯ ಮೊದಲ ಎಳೆಯನ್ನು ಆ ಹಗುರ ರೆಕ್ಕೆ ಕಂಡು ತಿಳಿಸಿದರೆ, ನಾಲ್ಕು ಜನರ ಕೈಯಲ್ಲಿ ಒಂದು ಕಾಡು ಉಳಿದೀತು.