ಬಂಡೆಸೀಮೆಯ ತಲೆ ಎಣಿಕೆ

ರಾಮನಗರ ಪೇಟೆ ದಾಟಿದರೂ ಬಂಡೆಗಳ ಸಾಲು ಮುಗಿಯುವುದಿಲ್ಲ. ‘ಶೋಲೆ’ ಸಿನಿಮಾ ತೋರಿಸಿದ್ದು ರಾಮದೇವರ ಬೆಟ್ಟದ ಒಂದು ಮಗ್ಗುಲನ್ನು ಮಾತ್ರ. ಕೈಲಾಂಚ ಹೋಬಳಿಯ ಅವ್ವೇರಹಳ್ಳಿಯಲ್ಲಿ ರೇವಣಸಿದ್ದೇಶ್ವರ ಬೆಟ್ಟವೂ ಅದೇ ಕಲ್ಲಿನದು. ಸುಮಾರು 250 ಕೋಟಿ ವರ್ಷ ಹಳೆಯ ಈ ಕಲ್ಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರೇ ಕ್ಲೋಸ್‌ಪೇಟೆ. ಈ ಕಲ್ಲು ಸವೆದು ಆದ ಕೆಂಪು ಮರಳುಮಣ್ಣಿನಲ್ಲಿ ತೇವ ಬಹಳ ದಿನ ನಿಲ್ಲದು. ಹಾಗಾಗಿ ಮಳೆ ನಂಬಿದವರಿಗೆ ರಾಗಿ, ಮಾವು. ಕೊಳವೆಬಾವಿ ಇದ್ದವರಿಗೆ ರೇಷ್ಮೆಹುಳುವಿನ ಮೇವಾದ ಹಿಪ್ಪುನೇರಳೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಸಿಕ್ಕ ಲೆಕ್ಕ 10,82,636 ಜನ. ಹತ್ತು ವರ್ಷ ಹಿಂದೆ ಇದ್ದವರು 10,30,546. ಅಂದರೆ ಒಂದು ದಶಕದಲ್ಲಿ ಶೇ 5ರಷ್ಟು ಹೆಚ್ಚಳ. ರಾಜ್ಯದ ಸರಾಸರಿ ಶೇ 15ನ್ನು ದಾಟಿತ್ತು; ಪಕ್ಕದ ಬೆಂಗಳೂರು ನಗರ ಜಿಲ್ಲೆಯಲ್ಲಿ ಶೇ 47. ಜಿಲ್ಲೆಯ ಬಿಡದಿಯಲ್ಲಿ ಕಾರ್ಖಾನೆಗಳು ಎದ್ದ ಕಾಲವೂ ಅದೇ, ಆದರೂ ಹೀಗೆ. ಸಂಸಾರಗಳು ಚಿಕ್ಕವಾದದ್ದು ಒಂದು ಕಾರಣ. ಓದಿದ ಮಕ್ಕಳು ಬೆಂಗಳೂರಲ್ಲಿ ಬಾಡಿಗೆ ಮನೆ ಹಿಡಿದದ್ದು ಇನ್ನೊಂದು, ನನ್ನ ಮಟ್ಟಿಗೆ ದೊಡ್ಡದು. 2025ರಲ್ಲಿ ಜಿಲ್ಲೆಗೇ ‘ಬೆಂಗಳೂರು ದಕ್ಷಿಣ’ ಎಂಬ ಹೆಸರು ಬಂತು.

ಜನ ಹೆಚ್ಚದಿದ್ದರೆ ಭೂಮಿಗೆ ಭಾರ ಕಡಿಮೆ ಎನ್ನುವವರು ಒಮ್ಮೆ ಹುಳು ಸಾಕುವ ಮನೆಗೆ ಬರಬೇಕು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಕಳಚುವ ಹಂತ, ಎದ್ದ ಮೇಲೆ ರೇಷ್ಮೆಹುಳುವಿನ ಹಸಿವಿಗೆ ಮಿತಿಯಿಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಕೊನೆಯ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಆಮೇಲೆ ಹಣ್ಣಾದ, ಅಂದರೆ ನೂಲು ಬಿಡಲು ಸಿದ್ಧವಾದ ಹುಳುಗಳನ್ನು ಆಯ್ದು ಅವು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅವು ಇದ್ದಲ್ಲೇ ನೂಲು ಬಿಟ್ಟು ಗೂಡು ಹಾಳು. ಕಡ್ಡಿ ಸಮೇತ ಸೊಪ್ಪು ಹಾಕುವ ಪದ್ಧತಿ ಬಂದು ಮೇವಿನ ಕೆಲಸ ಹಗುರವಾಗಿದೆ, ನಿಜ. ಹಣ್ಣುಹುಳು ಆಯುವ ದಿನ ಮಾತ್ರ ಮನೆ ತುಂಬ ಕೈಗಳು ಬೇಕು. ರಾಮನಗರದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ನಿಂತಿರುವುದು ಆ ಕೈಗಳ ಮೇಲೆ. ಮಾವು, ರಾಗಿಯ ಕಾಲದಲ್ಲಿ ಕಾಡಾನೆಗಳು ಇಳಿದಾಗ ರಾತ್ರಿ ಕಾವಲಿಗೂ ಗಟ್ಟಿ ಹುಡುಗರು ಬೇಕು. ಈಗ ಕಾವಲಿಗೆ ಹೋಗುತ್ತಿರುವವರು ಅರವತ್ತು ದಾಟಿದ ಅಪ್ಪಂದಿರು.

2021ರಲ್ಲಿ ಆಗಬೇಕಿದ್ದ ತಲೆ ಎಣಿಕೆ ಈಗ 2027ಕ್ಕೆ ನಿಗದಿಯಾಗಿದೆ. ಗಣತಿಯವರು ವಾಸವಿರುವ ಕಡೆ ಹೆಸರು ಬರೆದುಕೊಳ್ಳುತ್ತಾರೆ. ಹುಳು ಹಣ್ಣಾಯಿತೆಂದು ಅಮ್ಮನ ಫೋನ್ ಬಂದರೆ ರಜೆ ಹಾಕಿ ಕೊನೆಯ ಬಸ್ಸಿಗೆ ಕೈಲಾಂಚಕ್ಕೆ ಬರುವ ಮಗನ ಹೆಸರು ಸೇರುವುದು ಬೆಂಗಳೂರಿನ ಲೆಕ್ಕಕ್ಕೆ.