ಬೆಟ್ಟ ಬರೆದ ರೇಸ್ ಟ್ರ್ಯಾಕ್

ಜರ್ಮನಿಯ ಪಶ್ಚಿಮ ಭಾಗದಲ್ಲಿ, ಐಫೆಲ್ ಬೆಟ್ಟಸಾಲಿನಲ್ಲಿ ನ್ಯೂರ್ಬುರ್ಗ್ ಎಂಬ ಪುಟ್ಟ ಊರಿದೆ. ಆ ಊರನ್ನೂ ಅದರ ಹಳೆಯ ಕೋಟೆಯನ್ನೂ ಬಳಸಿಕೊಂಡು ಕಾಡಿನೊಳಗೆ ಹತ್ತಿ ಇಳಿಯುವ ರಸ್ತೆಯೇ ನ್ಯೂರ್ಬುರ್ಗ್‌ರಿಂಗ್‌ನ ಉತ್ತರ ಸುತ್ತು, ನಾರ್ಡ್‌ಶ್ಲೈಫೆ.

ಬಡತನದ ಈ ಸೀಮೆಯ ಜನರಿಗೆ ಕೆಲಸ ಸಿಗಲೆಂದೂ 1925ರಲ್ಲಿ ಇದರ ಕಾಮಗಾರಿ ಕೈಗೆತ್ತಿಕೊಂಡರು. 1927ರ ಜೂನ್‌ನಲ್ಲಿ ನಡೆದ ಮೊದಲ ಕಾರ್ ರೇಸನ್ನು ರುಡಾಲ್ಫ್ ಕರಾಚಿಯೋಲಾ ಗೆದ್ದರು.

ಈ ಟ್ರ್ಯಾಕಿನ ಗುಣವೆಲ್ಲ ಅಡಗಿರುವುದು ಅದರ ಉದ್ದದಲ್ಲಿ. ಒಂದು ಸುತ್ತಿಗೆ 20.8 ಕಿ.ಮೀ., ಎಪ್ಪತ್ತಕ್ಕೂ ಹೆಚ್ಚು ತಿರುವು, ಸುಮಾರು 300 ಮೀಟರ್ ಏರಿಳಿತ. ಒಂದು ತುದಿಯಲ್ಲಿ ಬಿಸಿಲಿದ್ದರೆ ಇನ್ನೊಂದು ತುದಿಯಲ್ಲಿ ಮಳೆ ಸುರಿಯುತ್ತಿರಬಹುದು. ದಿಬ್ಬದಾಚೆ ರಸ್ತೆ ಎತ್ತ ಹೊರಳುತ್ತದೆಂದು ಕಣ್ಣಿಗೆ ಕಾಣದು, ಬಾಯಿಪಾಠವಾಗಿರಬೇಕು. ‘ಕರುಸೆಲ್’ ತಿರುವಿನಲ್ಲಂತೂ ಕಾರು ಓರೆಯಾದ ಕಾಂಕ್ರೀಟ್ ತಳಕ್ಕಿಳಿದು, ಗಡಗಡ ನಡುಗುತ್ತ ಸುತ್ತಿಕೊಂಡು ಹೊರಬರುತ್ತದೆ.

ಇಂಥ ಕಡೆ ನಿಜವಾದ ಚಾಲಕ ಎದ್ದು ಕಾಣುತ್ತಾನೆ. 1957ರ ಫಾರ್ಮುಲಾ ಒನ್ ರೇಸಿನಲ್ಲಿ ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ ಟೈರ್ ಬದಲಿಸಲು ನಿಂತು ಬಹಳ ಹಿಂದೆ ಬಿದ್ದರು. ಆಮೇಲೆ ತಮ್ಮ ಮಾಸೆರಾಟಿಯಲ್ಲಿ ಸುತ್ತಿನ ದಾಖಲೆಯನ್ನು ಮತ್ತೆ ಮತ್ತೆ ಮುರಿದು, ಎರಡು ಫೆರಾರಿಗಳನ್ನು ಹಿಂದಿಕ್ಕಿ, ಐದನೆಯ ವಿಶ್ವ ಪ್ರಶಸ್ತಿಯನ್ನು ತಮ್ಮದಾಗಿಸಿಕೊಂಡರು. 1968ರ ಮಳೆ, ಮಂಜಿನಲ್ಲಿ ಜಾಕಿ ಸ್ಟೀವರ್ಟ್ ನಾಲ್ಕು ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಇದನ್ನು ‘ಹಸಿರು ನರಕ’ ಎಂದು ಕರೆದವರೂ ಅವರೇ.

ಆ ಉದ್ದವೇ ಮುಳುವೂ ಆಯಿತು. ಅಷ್ಟು ದೂರಕ್ಕೂ ಅಗ್ನಿಶಾಮಕರನ್ನು, ವೈದ್ಯರನ್ನು ನಿಲ್ಲಿಸುವುದು ಆಗದ ಮಾತು. ಇಲ್ಲಿ ರೇಸ್ ಬೇಡವೆಂದು ನಿಕಿ ಲೌಡಾ ವಾದಿಸಿದ್ದರು, ಹೆಚ್ಚಿನ ಚಾಲಕರು ಒಪ್ಪಲಿಲ್ಲ. 1976ರ ಆಗಸ್ಟ್ 1ರಂದು ಅವರ ಫೆರಾರಿಯೇ ಅಪ್ಪಳಿಸಿ ಹೊತ್ತಿಕೊಂಡಿತು. ಬೆಂಕಿಯಿಂದ ಅವರನ್ನು ಎಳೆದು ತೆಗೆದವರು ಸಹಸ್ಪರ್ಧಿಗಳು. ಆರು ವಾರಗಳಲ್ಲಿ ಲೌಡಾ ಇಟಲಿಯ ಮೊಂಜಾದಲ್ಲಿ ಮತ್ತೆ ಸ್ಪರ್ಧೆಗಿಳಿದರು. ಫಾರ್ಮುಲಾ ಒನ್ ಮಾತ್ರ ಉತ್ತರ ಸುತ್ತಿಗೆ ಮರಳಲಿಲ್ಲ. ಪಕ್ಕದಲ್ಲೇ ಹೊಸ, ಚಿಕ್ಕ ಟ್ರ್ಯಾಕ್ 1984ರಲ್ಲಿ ಸಿದ್ಧವಾಯಿತು.

ಆ ನಿರ್ಧಾರ ಸರಿಯಾದದ್ದೇ. ಯಾವ ಗೆಲುವೂ ಜೀವಕ್ಕಿಂತ ದೊಡ್ಡದಲ್ಲ. ಆದರೂ ಹಳೆಯ ರಸ್ತೆ ಕಾಡುಪಾಲಾಗಲಿಲ್ಲ ಎಂಬುದು ಸಂತೋಷದ ಸಂಗತಿ. 1970ರಲ್ಲಿ ಶುರುವಾದ 24 ಗಂಟೆಗಳ ರೇಸ್ ಇಂದಿಗೂ ಇಲ್ಲೇ ನಡೆಯುತ್ತದೆ. ಕಾರು ಕಂಪನಿಗಳು ಹೊಸ ಮಾದರಿಗಳ ಬ್ರೇಕು, ಸಸ್ಪೆನ್ಷನ್ನುಗಳನ್ನು ಇಲ್ಲೇ ಪರೀಕ್ಷಿಸುತ್ತವೆ. 2018ರಲ್ಲಿ ಟಿಮೊ ಬೆರ್ನ್‌ಹಾರ್ಟ್ ಪೋರ್ಷೆ ಕಾರಿನಲ್ಲಿ ಇಡೀ ಸುತ್ತನ್ನು 5 ನಿಮಿಷ 19 ಸೆಕೆಂಡುಗಳಲ್ಲಿ ಮುಗಿಸಿದರು.

ಸಾರ್ವಜನಿಕರಿಗೆ ತೆರೆದ ದಿನಗಳಲ್ಲಿ ಟಿಕೆಟ್ ಕೊಂಡು ಯಾರಾದರೂ ಇಲ್ಲಿ ತಮ್ಮ ಕಾರು ಓಡಿಸಬಹುದು. ಬಲಬದಿ ಹಿಡಿದು ಸಾಗಬೇಕು, ಹಿಂದಿನಿಂದ ವೇಗವಾಗಿ ಬರುವವರಿಗೆ ಎಡಕ್ಕೆ ದಾರಿ ಬಿಡಬೇಕು. ಫ್ಯಾಂಜಿಯೊ ಓಡಿಸಿದ ರಸ್ತೆ ಸಾಮಾನ್ಯ ಚಾಲಕನಿಗೂ ಸಿಗುತ್ತದೆ ಎಂಬುದೇ ಈ ಟ್ರ್ಯಾಕಿನ ದೊಡ್ಡತನ.